ನಲವತ್ತೇಳನೇ ನಂಬರಿನ ಪೆನ್‌ಡ್ರೈವ್

‘ಆಗುವುದಿಲ್ಲ’ ಎಂದು ಹೇಳುವ ಶಕ್ತಿ ನನಗೆ ಹುಟ್ಟಿನಿಂದಲೇ ಇಲ್ಲ. ಬಸ್ಸಿನಲ್ಲಿ ಮೂವರು ಕೂತ ಸೀಟಿಗೆ ನಾಲ್ಕನೆಯವರು ಬಂದು ‘ಸ್ವಲ್ಪ ಸರೀರಿ’ ಎಂದರೆ ಸರಿಯುತ್ತೇನೆ. ಐದನೆಯವರು ಬಂದರೆ ಎದ್ದೇ ನಿಲ್ಲುತ್ತೇನೆ. ಮದುವೆಯ ಪಂಕ್ತಿಯಲ್ಲಿ ಎಲೆಗೆ ಅಡ್ಡ ಹಿಡಿದ ನನ್ನ ಕೈಯನ್ನು ಯಾವ ಬಡಿಸುವವನೂ ಇದುವರೆಗೆ ನಂಬಿಲ್ಲ. ನನ್ನ ಹೆಂಡತಿ ಇದನ್ನು ಹೊರಗಿನವರ ಮುಂದೆ ಒಳ್ಳೆಯತನ ಎನ್ನುತ್ತಾಳೆ, ಮನೆಯೊಳಗೆ ಬೇರೆ ಹೆಸರಿಟ್ಟಿದ್ದಾಳೆ. ಹೀಗಿರುವಾಗ, ಹೆಬ್ಬೆರಳಿನಷ್ಟೂ ಇಲ್ಲದ ಒಂದು ಪೆನ್‌ಡ್ರೈವ್ ನಮ್ಮ ಶಾಲೆಯ ಮೇಜಿನ ಮೇಲೆ ಕೂತು, ಹೆಡ್‌ಮಾಸ್ಟರಿಂದ ಹಿಡಿದು ನನ್ನವರೆಗೆ ಎಲ್ಲರಿಗೂ ‘ಆಗುವುದಿಲ್ಲ’ ಎಂದು ಖಡಾಖಂಡಿತ ಹೇಳಿಬಿಟ್ಟಾಗ ನನಗೆ ಸಿಟ್ಟಿಗಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು.

ನಾನು ಕೂಡ್ಲಿಗಿಗೂ ಕೊಟ್ಟೂರಿಗೂ ನಡುವಿನ ಒಂದು ಹಳ್ಳಿಯಲ್ಲಿ ಕನ್ನಡ ಮೇಷ್ಟರು. ಜೊತೆಗೆ ಕಂಪ್ಯೂಟರಿನ ಉಸ್ತುವಾರಿ. ಈ ಎರಡನೆಯ ಪಟ್ಟ ನನಗೆ ಕಟ್ಟಿದ್ದು ಒಂದು ಮಧ್ಯಾಹ್ನ, ಪ್ರಿಂಟರಿನ ಬಾಯಲ್ಲಿ ಸಿಕ್ಕಿಕೊಂಡಿದ್ದ ಕಾಗದವನ್ನು ನಾನು ಎಳೆದು ತೆಗೆದಾಗ. ಎಳೆದರೆ ಬರುತ್ತದೆ ಎಂಬುದು ಎಮ್ಮೆ ಕಟ್ಟಿದ ಯಾರಿಗಾದರೂ ಗೊತ್ತಿರುವ ವಿದ್ಯೆ. ಆದರೆ ಹೆಡ್‌ಮಾಸ್ಟರ್ ವೀರಭದ್ರಪ್ಪನವರು ನನ್ನ ಬೆನ್ನು ತಟ್ಟಿ, ‘ನಿಮಗ ಕಂಪ್ಯೂಟರ್ ಬರ್ತೈತಿ, ಇಷ್ಟ್ ದಿನ ಹೇಳೇ ಇಲ್ಲ ನೋಡ್ರಿ’ ಎಂದರು. ಬರುವುದಿಲ್ಲ ಎನ್ನಬೇಕಿತ್ತು. ಮೊದಲೇ ಹೇಳಿದೆನಲ್ಲ, ನನ್ನ ಬಾಯಿಗೆ ಆ ಶಬ್ದ ಬರುವುದಿಲ್ಲ.

ಈಗ ಆ ಪೆನ್‌ಡ್ರೈವಿನ ವಿಚಾರ. ಅದು ನಮ್ಮದಲ್ಲ, ಮೇಲಿನ ಕಚೇರಿಯದು. ಮೇಲಿನ ಕಚೇರಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಇವುಗಳಲ್ಲಿ ಯಾವ ಊರಿನಲ್ಲಿದೆ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಉಳಿದ ನಾಲ್ಕು ಊರಿನವರು ‘ನಮ್ಮಲ್ಲೇನು ಕಡಿಮೆ ಇತ್ತು’ ಎಂದು ಬೇಸರ ಮಾಡಿಕೊಳ್ಳುತ್ತಾರೆ. ಸುತ್ತಲಿನ ಹನ್ನೆರಡು ಶಾಲೆಗೆ ಆ ಒಂದೇ ಪೆನ್‌ಡ್ರೈವ್. ಅದರೊಳಗೆ ಒಂದೇ ಪಟ್ಟಿ: ಹನ್ನೆರಡೂ ಶಾಲೆಯ ಬಿಸಿಯೂಟದ ಅಡುಗೆಯವರ ಹೆಸರು, ಮುಂದೆ ‘ಇದ್ದಾರೆ’ ಅಥವಾ ‘ಬಿಟ್ಟಿದ್ದಾರೆ’. ಒಂದು ಶಾಲೆಯವರು ನೋಡಿ, ತಿದ್ದುವುದಿದ್ದರೆ ತಿದ್ದಿ, ಜೊತೆಗೆ ಬರುವ ವಹಿಯಲ್ಲಿ ಸಹಿ ಹಾಕಿ ಮುಂದಿನ ಶಾಲೆಗೆ ಕಳಿಸಬೇಕು. ಕಳ್ಳ ಪೆನ್‌ಡ್ರೈವ್ ನುಸುಳಬಾರದೆಂದು ಅದರ ಮೈಮೇಲೆ ಬಿಳಿ ಬಣ್ಣದಲ್ಲಿ ದಪ್ಪಗೆ 47 ಎಂದು ಬರೆದಿದ್ದರು. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಬಣ್ಣದ ನಂಬರು ಬೀಳದ ವಸ್ತುವಿಲ್ಲ. ಕುರ್ಚಿಗೆ ನಂಬರು, ಗಂಟೆಗೆ ನಂಬರು, ನೀರಿನ ಕೊಡಪಾನಕ್ಕೆ ನಂಬರು. ವರ್ಷಕ್ಕೊಮ್ಮೆ ದಾಸ್ತಾನು ತಪಾಸಣೆ ಎಂದಾಗ ಅಟೆಂಡರು ಡಬ್ಬಿ, ಬ್ರಷ್ಷು ಹಿಡಿದು ಹೊರಟರೆ ನಿಂತಲ್ಲೇ ನಿಂತವರು ಒಂದೆರಡು ಹೆಜ್ಜೆ ಆಚೆ ಸರಿಯುವುದು ಒಳ್ಳೆಯದು.

ಗುರುವಾರ ಬೆಳಿಗ್ಗೆ ಅದು ಹನ್ನೊಂದನೆಯವರಾದ ನಮ್ಮಲ್ಲಿಗೆ ಬಂತು. ಶನಿವಾರ ಮಧ್ಯಾಹ್ನದೊಳಗೆ ನಾವೇ ಕಚೇರಿಗೆ ಮುಟ್ಟಿಸಬೇಕು, ಕೊನೆಯ ಶಾಲೆಯವರು ಅಲ್ಲೇ ಬಂದು ನೋಡುತ್ತಾರೆ. ಪಟ್ಟಿ ತೆರೆದು ನೋಡಿದರೆ ನಮ್ಮ ಶಾಲೆಯ ಕೊಟ್ರಮ್ಮನ ಮುಂದೆ ‘ಬಿಟ್ಟಿದ್ದಾರೆ’ ಎಂದಿತ್ತು.

ಕೊಟ್ರಮ್ಮ ಬಿಟ್ಟಿರಲಿಲ್ಲ. ಅದೇ ಹೊತ್ತಿಗೆ ನಮ್ಮ ಕೋಣೆಯಿಂದ ಹದಿನೈದು ಹೆಜ್ಜೆಯಾಚೆ ಅಡುಗೆ ಕೋಣೆಯಲ್ಲಿ ಒಗ್ಗರಣೆ ಹಾಕುತ್ತಿದ್ದಳು. ಸಾಸಿವೆ ಸಿಡಿಯುವ ಸದ್ದು ನಮ್ಮ ಕಿವಿಗೇ ಬೀಳುತ್ತಿತ್ತು. ಆದದ್ದು ಇಷ್ಟು. ಹಿಂದಿನ ವರ್ಷ ಮಗಳ ಬಾಣಂತನಕ್ಕೆಂದು ಆಕೆ ಉಚ್ಚಂಗಿದುರ್ಗಕ್ಕೆ ಹೋಗಿ, ತನ್ನ ಬದಲಿಗೆ ತಂಗಿಯನ್ನು ಬಿಟ್ಟಿದ್ದಳು. ಅದೇ ವೇಳೆಗೆ ಮೇಲಿನವರು ಫೋನ್ ಮಾಡಿ ‘ಕೊಟ್ರಮ್ಮ ಅದಾಳೇನ್ರಿ?’ ಎಂದು ಕೇಳಿದರು. ವೀರಭದ್ರಪ್ಪನವರು ಕಿಟಕಿಯಿಂದ ಇಣುಕಿ ನೋಡಿ ‘ಇಲ್ಲ’ ಎಂದರು. ಅವರು ಆ ಹೊತ್ತಿನ ಮಾತು ಹೇಳಿದರು, ಅತ್ತಲವರು ಶಾಶ್ವತವಾಗಿ ಬರೆದುಕೊಂಡರು. ಪಟ್ಟಿ ಹೀಗೇ ಹೋದರೆ ಆ ಜಾಗ ಖಾಲಿ ಎಂದಾಗಿ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ. ಗಂಡನಿಲ್ಲದ ಕೊಟ್ರಮ್ಮನಿಗೆ ಇದ್ದ ಆಸರೆ ಆ ಒಲೆಯೊಂದೇ.

ಸುದ್ದಿ ಹೇಳಿದಾಗ ಆಕೆ ಸೌಟು ಹಿಡಿದೇ ಬಾಗಿಲಿಗೆ ಬಂದಳು. ‘ಸರ, ನಾ ಇಲ್ಲೇ ಅದೀನಲ್ರಿ. ನಿನ್ನೆ ನಾ ಮಾಡಿದ ಸಾರು ಉಂಡು ಉಪ್ಪು ಕಮ್ಮಿ ಅಂದ್ರಿ. ಬಿಟ್ಟು ಹೋದಾಕಿ ಸಾರಿಗೆ ಉಪ್ಪು ಕಮ್ಮಿ ಹೆಂಗ ಆಗ್ತೈತ್ರಿ?’

‘ಎರಡು ನಿಮಿಷದ ಕೆಲಸ, ಹೋಗು’ ಎಂದು ಧೈರ್ಯ ಹೇಳಿ, ‘ಬಿಟ್ಟಿ’ಯನ್ನು ಅಳಿಸಿ ‘ಇ’ ಎಂದು ಒತ್ತಿ ಸೇವ್ ಮಾಡಿದೆ. ಪರದೆಯ ಮೇಲೆ ಒಂದು ಡಬ್ಬಿ ಮೂಡಿತು. ಈ ಡಿಸ್ಕ್ ರೈಟ್ ಪ್ರೊಟೆಕ್ಟೆಡ್ ಆಗಿದೆ. ಎಂದರೆ, ಓದುವುದಿದ್ದರೆ ಓದು, ಬರೆಯುವ ಅಧಿಕಪ್ರಸಂಗ ಬೇಡ.

ಹರಪನಹಳ್ಳಿ ಕಡೆಗೆ ಹೋದವರು ಬಾಗಳಿಯ ಕಲ್ಲೇಶ್ವರ ಗುಡಿಯನ್ನು ನೋಡಿರುತ್ತೀರಿ. ಅಲ್ಲಿ ಹಳೆಯ ಶಾಸನಗಳಿವೆ. ನಾನು ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಅವುಗಳ ಮುಂದೆ ನಿಂತು ಗೊತ್ತಿರುವ ನಾಲ್ಕಕ್ಷರ ಓದಿ, ಗೊತ್ತಿಲ್ಲದ್ದನ್ನು ಕೆಮ್ಮಿ ದಾಟಿಸುತ್ತೇನೆ. ಹಳಬರು ಬರೆದದ್ದನ್ನು ಕಾಯಲು ಮಾಡಿಕೊಂಡಿದ್ದ ಏರ್ಪಾಡು ನೋಡಿ: ಮೊದಲು ಕಲ್ಲು. ಕಲ್ಲೂ ಸಾಲದೆಂದು ಇಂಥ ಶಾಸನಗಳ ಕೊನೆಗೆ ಶಾಪ. ಇದನ್ನು ಅಳಿಸಿದವನಿಗೆ ಗೋಹತ್ಯೆಯ ಪಾಪ, ನರಕ ಇತ್ಯಾದಿ. ಆದರೆ ಅವರು ಅಷ್ಟು ಜತನದಿಂದ ಕಾದದ್ದು ಯಾರಿಗೋ ಕೊಟ್ಟದ್ದನ್ನು, ಗುಡಿಗೆ ಬಿಟ್ಟ ಭೂಮಿಯನ್ನೋ ದೀಪದ ಎಣ್ಣೆಯನ್ನೋ. ನಮ್ಮ ನಲವತ್ತೇಳನೇ ನಂಬರು ಅಷ್ಟೇ ನಿಷ್ಠೆಯಿಂದ ಕಾಯುತ್ತಿದ್ದದ್ದು ಕಿಟಕಿಯಿಂದ ಇಣುಕಿ ಹೇಳಿದ ಒಂದು ‘ಇಲ್ಲ’ವನ್ನು. ತಪ್ಪಿಗೆ ಇಂಥ ಕಾವಲು ಸಿಕ್ಕುವುದು ನಮ್ಮ ಕಾಲದ ವಿಶೇಷ ಎಂದು ನನಗೆ ಅನ್ನಿಸಿತು.

ಮುಂದೆ ನಡೆದದ್ದು ಚಿಕಿತ್ಸೆ. ವೀರಭದ್ರಪ್ಪನವರು ‘ತಗದು ಹಾಕ್ರಿ’ ಎಂದರು. ತೆಗೆದು ಹಾಕಿದೆ. ‘ಇನ್ನೊಮ್ಮಿ ತಗದು ಹಾಕ್ರಿ, ಈ ಸಲ ಮೆಲ್ಲಕ.’ ಮೆಲ್ಲಗೆ ಹಾಕಿದೆ. ಗಣಿತದ ಮೇಡಮ್ಮನವರು ಕೊಳೆ ಕೂತಿರಬೇಕೆಂದು ಅದರ ಮೂತಿಯನ್ನು ರಬ್ಬರಿನಿಂದ ಉಜ್ಜಿದರು. ರಬ್ಬರಿನ ಚೂರು ಒಳಗೆ ಬಿತ್ತು. ಅದನ್ನು ತೆಗೆಯಲು ಅವರ ಸೆರಗಿನ ಪಿನ್ನು ಬೇಕಾಯಿತು. ವೈರಸ್ ಹುಡುಕಿಸಿದೆವು, ಇರಲಿಲ್ಲ. ಪಟ್ಟಿಯ ಗುಣಲಕ್ಷಣದಲ್ಲಿ ‘ಓದಲು ಮಾತ್ರ’ ಎಂಬ ಗುರುತನ್ನು ತೆಗೆಯಲು ಹೋದೆ, ಅದಕ್ಕೂ ಒಪ್ಪಲಿಲ್ಲ.

ಆಮೇಲೆ ನಾನು ಫೋನಿನಲ್ಲಿ ಒಂದು ಹಿಂದಿ ವಿಡಿಯೋ ನೋಡಿಕೊಂಡು ಕಪ್ಪು ಪರದೆ ತೆರೆದು ಮಂತ್ರದಂಥ ಆಜ್ಞೆಗಳನ್ನು ಟೈಪು ಮಾಡತೊಡಗಿದೆ. ಕಪ್ಪು ಪರದೆ ಕಂಡ ಕೂಡಲೇ ಸಹೋದ್ಯೋಗಿಗಳು ಒಂದು ಹೆಜ್ಜೆ ಹಿಂದೆ ಸರಿದು ನನ್ನನ್ನು ಗೌರವದಿಂದ ನೋಡಿದರು. ‘ಓದಲು ಮಾತ್ರ’ ಎಂಬ ಬಂಧನ ಬಿಡಿಸು ಎಂಬರ್ಥದ ಆಜ್ಞೆ ಕೊಟ್ಟೆ. ‘ಯಶಸ್ವಿಯಾಗಿ ಬಿಡಿಸಲಾಗಿದೆ’ ಎಂಬ ಉತ್ತರ ಬಂತು. ನೋಡಿದರೆ ಏನೂ ಬಿಡಿಸಿರಲಿಲ್ಲ. ಇದು ಕಂಪ್ಯೂಟರೋ ನಮ್ಮ ಇಲಾಖೆಯ ವರದಿಯೋ ಎಂದು ಅನುಮಾನ ಬಂತು. ಅನುಮಾನ ಬಂದದ್ದೇ ತಡ, ಪೆನ್‌ಡ್ರೈವಿನ ಜೊತೆ ಬಂದಿದ್ದ ವಹಿ ತೆರೆದೆ. ನಮಗಿಂತ ಮೊದಲಿನ ಹತ್ತೂ ಶಾಲೆಯವರು ‘ಪರಿಶೀಲಿಸಿ ಸರಿಪಡಿಸಲಾಗಿದೆ’ ಎಂದು ಬರೆದು, ಸಹಿ ಹಾಕಿ, ಮೊಹರು ಒತ್ತಿದ್ದರು. ಒಂದಕ್ಷರವನ್ನೂ ಒಳಗೆ ಬಿಟ್ಟುಕೊಳ್ಳದ ಪೆನ್‌ಡ್ರೈವಿನಲ್ಲಿ ಹತ್ತು ಶಾಲೆಯವರು ಸರಿಪಡಿಸಿದ್ದರು!

‘ಫಾರ್ಮ್ಯಾಟ್ ಮಾಡಿಬಿಡ್ರಿ’ ಎಂದರು ವೀರಭದ್ರಪ್ಪನವರು. ಆ ಶಬ್ದವನ್ನು ಅವರು ಎಲ್ಲೋ ಕೇಳಿದ್ದರು. ಹಾಗೆ ಮಾಡಿದರೆ ಹನ್ನೆರಡು ಶಾಲೆಯ ಹೆಸರೂ ಗುಡಿಸಿ ಹಾಕಿದಂತೆ ಎಂದು ನನಗೆ ಗೊತ್ತಿತ್ತು. ಆದರೂ ದೊಡ್ಡವರು ಹೇಳಿದ್ದಾರೆ, ಆಗುವುದಿಲ್ಲ ಎನ್ನುವುದು ಹೇಗೆ? ಕಣ್ಣು ಮುಚ್ಚಿ ಒತ್ತಿಯೇಬಿಟ್ಟೆ. ಪೆನ್‌ಡ್ರೈವ್ ‘ಆಗುವುದಿಲ್ಲ’ ಎಂದಿತು. ನಾನು ಹೇಳಬೇಕಿದ್ದ ಮಾತನ್ನು ನನ್ನ ಪರವಾಗಿ ಹೇಳಿ ನನ್ನ ನೌಕರಿ ಉಳಿಸಿದ ಆ ಪುಟ್ಟ ಜೀವಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ.

ಪಟ್ಟಿಯನ್ನು ನಮ್ಮ ಕಂಪ್ಯೂಟರಿಗೆ ಇಳಿಸಿ, ಅಲ್ಲಿ ತಿದ್ದಿ, ಬೇರೆ ಪೆನ್‌ಡ್ರೈವಿನಲ್ಲಿ ಕೊಡಬಹುದಲ್ಲ ಎಂದು ನೀವು ಕೇಳುತ್ತೀರಿ. ನಾವೂ ಅಷ್ಟು ಮಂಕರಲ್ಲ. ಇಳಿಸಿದೆವು, ತಿದ್ದಿದೆವು, ಕಚೇರಿಯ ಗುಮಾಸ್ತರಿಗೆ ಫೋನ್ ಮಾಡಿದೆವು.

‘ಬ್ಯಾರೇ ಪೆನ್‌ಡ್ರೈವ್ ತಗಳಂಗಿಲ್ರಿ’ ಎಂದರು ಅವರು. ‘ಹೋದ ಸಲ ವೈರಸ್ ಬಂದು ಗೋಳಾಡೀವಿ. ನಮ್ಮ ನಲವತ್ತೇಳನೇ ನಂಬರಿನಾಗೇ ಬರಬೇಕು.’

‘ಮೇಲ್ ಮಾಡಲೇನ್ರಿ?’

‘ನೀವು ಮಾಡಿದ್ರ ಆಮ್ಯಾಲೆ ಎಲ್ಲಾರೂ ಮಾಡ್ತಾರ್ರಿ’ ಎಂದು ಫೋನ್ ಇಟ್ಟರು. ಎಲ್ಲರೂ ಮಾಡಿದರೆ ಆಗುವ ಅನಾಹುತವೇನೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಶುಕ್ರವಾರ ಮಕ್ಕಳ ಊಟ ಮುಗಿದ ಮೇಲೆ ಪೆನ್‌ಡ್ರೈವನ್ನು ಜೇಬಿಗಿಟ್ಟುಕೊಂಡು ಕೊಟ್ಟೂರಿನ ಬಸ್ಸಿಗೆ ನಿಂತೆ. ನೋಡಿದರೆ ಕೊಟ್ರಮ್ಮ ಪಾತ್ರೆ ತೊಳೆದ ಕೈ ಒರೆಸಿಕೊಳ್ಳುತ್ತ ಪಕ್ಕದಲ್ಲೇ ನಿಂತಿದ್ದಾಳೆ. ನೀನ್ಯಾಕೆ ಎಂದೆ. ‘ನೀವು ಯಾರಿಗೂ ಒಲ್ಲೆ ಅನ್ನೋರಲ್ರಿ ಸರ. ದಾರ್ಯಾಗ ಯಾರರ ಕೇಳಿದ್ರ ಕೊಟ್ಟುಬಿಡ್ತೀರಿ’ ಎಂದಳು. ನನ್ನ ಹೆಂಡತಿ ಒಳಗೆ ಇಟ್ಟ ಹೆಸರು ಊರಿಗೆಲ್ಲ ಗೊತ್ತಾಗಿದೆ ಎಂದು ನನಗೆ ಆಗ ತಿಳಿಯಿತು.

ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಹಿಂದೆ ಖಾದರ್ ಸಾಹೇಬರ ಅಂಗಡಿ. ರೇಡಿಯೋ ಕಾಲದಿಂದ ರಿಪೇರಿ ಮಾಡುತ್ತ ಬಂದವರು. ಟೇಪ್‌ರೆಕಾರ್ಡರು ಬಂತು, ಟೀವಿ ಬಂತು, ಮೊಬೈಲು ಬಂತು, ಅವರ ಸ್ಟೂಲು ಮಾತ್ರ ಅದೇ. ನಾನು ನಮ್ಮ ಎರಡು ದಿನದ ಚಿಕಿತ್ಸೆಯನ್ನೆಲ್ಲ, ಕಪ್ಪು ಪರದೆಯನ್ನು ಸ್ವಲ್ಪ ಹೆಚ್ಚೇ ಒತ್ತಿ, ವರ್ಣಿಸಿದೆ. ಅವರು ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಹಾಕಲೇ ಇಲ್ಲ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

‘ಕಂಪ್ಯೂಟರಿಗೆ ಹಾಕಿ ನೋಡೋದಿಲ್ಲೇನು?’

‘ಮೊದ್ಲು ಸಾಮಾನು ನೋಡ್ಬೇಕ್ ಮೇಷ್ಟ್ರೆ, ಆಮ್ಯಾಲೆ ಕಂಪ್ಯೂಟರ್. ಈ ಬಣ್ಣ ಯಾರ್ ಬಳದಿದ್ದು?’

‘ಸರ್ಕಾರ’ ಎಂದೆ.

‘ಇದರ ಪಕ್ಕಕ್ಕ ಒಂದ್ ಸಣ್ಣ ಕೀಲಿ ಐತಿ ನೋಡ್ರಿ. ಇತ್ತ ಸರಿಸಿದ್ರ ಬಂದ್, ಅತ್ತ ಸರಿಸಿದ್ರ ಚಾಲು. ಬಣ್ಣ ಬಳಿಯೋ ಮುಂಚೆ ಯಾರೋ ಚೊಲೊತ್ನಾಗಿ ಒರಸ್ಯಾರ. ಒರಸೋವಾಗ ಕೀಲಿ ಬಂದ್ ಆಗೈತಿ. ಅದರ ಮ್ಯಾಲೆ ನಿಮ್ಮ ಏಳು ಬಂದು ಕುಂತೈತಿ.’

ಭೂತಗನ್ನಡಿಯಲ್ಲಿ ನಾನೂ ನೋಡಿದೆ. ಏಳರ ಬಾಲ ಪಕ್ಕಕ್ಕೆ ಇಳಿದು, ಎಳ್ಳಿನಷ್ಟಿದ್ದ ಕೀಲಿಯ ಮೇಲೆ ಒಣಗಿ ಕಲ್ಲಾಗಿತ್ತು. ವೈರಸ್ಸಲ್ಲ, ಹಿಂದಿ ವಿಡಿಯೋಗೆ ನಿಲುಕುವ ಗೂಢವೂ ಅಲ್ಲ. ಬೇರೆಯದು ನುಸುಳಬಾರದೆಂದು ಹಾಕಿದ ನಂಬರೇ ಅದರ ಕೈ ಕಟ್ಟಿತ್ತು. ಎರಡು ದಿನ ನಾವು ಐದಾರು ಜನ ಅದನ್ನು ಕೈಯಲ್ಲಿ ಹಿಡಿದಿದ್ದೆವು, ಒಬ್ಬರೂ ಅದನ್ನು ನೋಡಿರಲಿಲ್ಲ, ನೋಡುತ್ತಿದ್ದದ್ದೆಲ್ಲ ಪರದೆಯನ್ನು.

ಖಾದರ್ ಸಾಹೇಬರು ಬ್ಲೇಡು ತೆಗೆದರು. ಅಷ್ಟರಲ್ಲಿ ನನ್ನೊಳಗಿನ ಸರ್ಕಾರಿ ನೌಕರ ಎದ್ದು ಕೂತ. ಏಳು ಹೋದರೆ? ವೀರಭದ್ರಪ್ಪನವರಿಗೆ ಫೋನ್ ಮಾಡಿದೆ. ಅವರು ಗಾಬರಿಯಾದರು. ‘ಏ ಏ, ಕೆರೆಸಬ್ಯಾಡ್ರಿ! ದಾಸ್ತಾನು ನಂಬರ್ ಅದು. ಸರ್ಕಾರಿ ಆಸ್ತಿ ವಿರೂಪ ಅಂತ ಆಗ್ತೈತಿ. ಸೋಮವಾರ ಒಂದ್ ಪತ್ರ ಬರ್ದು ಅನುಮತಿ ತಗಳಾಣ.’

ಶನಿವಾರದ ಗಡುವಿಗೆ ಸೋಮವಾರದ ಅನುಮತಿ. ನನ್ನ ನಾಲಿಗೆ ಅಭ್ಯಾಸದಂತೆ ‘ಹ್ಞೂಂ ಸರ್’ ಎನ್ನಲು ಸಿದ್ಧವಾಗಿತ್ತು. ಕೊಟ್ರಮ್ಮ ಗಿರಾಕಿಗಳ ಬೆಂಚಿನ ತುದಿಯಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. ಆಕೆಗೆ ಫೋನಿನ ಮಾತು ಪೂರ್ತಿ ಕೇಳಿಸಿತ್ತು. ವೀರಭದ್ರಪ್ಪನವರ ದನಿ ಫೋನಿಲ್ಲದೆಯೂ ಕೊಟ್ಟೂರಿಗೆ ಕೇಳಿಸುತ್ತದೆ.

‘ಸರ’ ಎಂದಳು, ‘ಆ ಏಳಿಗೆ ಹೊಟ್ಟಿ ಐತೇನ್ರಿ? ನನಗೈತಿ.’ ಅಷ್ಟು ಹೇಳುವಷ್ಟರಲ್ಲಿ ಆಕೆಯ ಕಣ್ಣು ತುಂಬಿ ಬಂತು. ಎಂದೂ ಯಾರ ಮುಂದೆಯೂ ಅತ್ತವಳಲ್ಲ. ಒಲೆಯ ಹೊಗೆಗೂ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡಿರಲಿಲ್ಲ.

‘ಸೋಮವಾರದ ತನಕ ಆಗುವುದಿಲ್ಲ ಸರ್’ ಎಂದುಬಿಟ್ಟೆ.

ನನಗೇ ಗಾಬರಿ; ಆ ದನಿ ನನ್ನದೇ ಹೌದೋ ಎಂದು. ನನ್ನ ಧೈರ್ಯ ಅಷ್ಟಕ್ಕೇ ಮುಗಿದಿದ್ದರಿಂದ ಕೂಡಲೇ ಫೋನ್ ಕಟ್ ಮಾಡಿದೆ. ಆಮೇಲೆ ಅವರು ಕೇಳಿದಾಗ ನೆಟ್‌ವರ್ಕ್ ಹೋಯಿತು ಎಂದೆ. ಖಾದರ್ ಸಾಹೇಬರು ಬ್ಲೇಡಿನ ಮೂಲೆಯಿಂದ ಏಳನ್ನು ಕೆರೆದು, ಉಫ್ ಎಂದು ಊದಿ, ಸೂಜಿಯಿಂದ ಕೀಲಿ ಸರಿಸಿದರು. ಟಿಕ್ ಎಂದಿತು. ಅವರ ಕಂಪ್ಯೂಟರಿನಲ್ಲೇ ‘ಇದ್ದಾರೆ’ ಎಂದು ಬರೆದು ಸೇವ್ ಮಾಡಿದೆ. ತಕರಾರಿಲ್ಲದೆ ಒಪ್ಪಿಕೊಂಡಿತು. ಕೊಟ್ರಮ್ಮ ಪರದೆಯ ಮೇಲೆ ಬೆರಳಿಟ್ಟು ತನ್ನ ಹೆಸರನ್ನೂ ಮುಂದಿನ ಮಾತನ್ನೂ ಅಕ್ಷರಕ್ಕಕ್ಷರ ಕೂಡಿಸಿ ಓದಿದಳು. ಆಮೇಲೆ ಪಟ್ಟಿ ಮುಚ್ಚಿಸಿ, ಮತ್ತೆ ತೆರೆಸಿ, ಇನ್ನೊಮ್ಮೆ ಓದಿದಳು.

ಶನಿವಾರ ಇಬ್ಬರೂ ಕಚೇರಿಗೆ ಹೋದೆವು. ಗುಮಾಸ್ತರು ಪೆನ್‌ಡ್ರೈವಿನ ಹೊಟ್ಟೆಯಲ್ಲಿ ಏನಿದೆ ಎಂದು ನೋಡಲಿಲ್ಲ, ಬೆನ್ನು ನೋಡಿದರು. ‘ಇದು ನಮ್ಮದಲ್ರಿ. ನಮ್ಮದು ನಲವತ್ತೇಳು, ಇದು ನಾಕು.’ ದಾಸ್ತಾನು ವಹಿ ತೆಗೆದು ಬೆರಳಾಡಿಸಿದರು. ‘ನಾಕು ಅಂದ್ರ ಕಬ್ಬಿಣದ ಬೀರು.’ ನಾನು ಜೇಬಿನಲ್ಲಿ ಕಚೇರಿಯ ಬೀರು ಹೊತ್ತು ತಂದಂತಾಗಿತ್ತು. ಬೀರು ಮೂಲೆಯಲ್ಲೇ ನಿಂತಿದೆ, ಅದರ ಮೇಲೂ ನಾಲ್ಕು ಎಂದಿದೆ ಎಂದು ತೋರಿಸಿದೆ. ಅವರು ಬೀರನ್ನೂ ಪೆನ್‌ಡ್ರೈವನ್ನೂ ಹೋಲಿಸಿ ನೋಡಿ, ತುಸು ಯೋಚಿಸಿ, ಅಟೆಂಡರನ್ನು ಕರೆದರು. ಅಟೆಂಡರು ಬಣ್ಣದ ಡಬ್ಬಿ ತಂದು ಬ್ರಷ್ಷಿನ ತುದಿಯಿಂದ ಒಂದು ಏಳು ಎಳೆದರು. ‘ಕೀಲಿ ಬಿಟ್ಟು ಎಳೀರಿ’ ಎಂದು ಕೊಟ್ರಮ್ಮ ಪಕ್ಕದಲ್ಲೇ ನಿಂತು ಎಚ್ಚರಿಸಿದಳು. ನಾಲ್ಕರ ಮಗ್ಗುಲಿಗೆ ಏಳು ಬಂದ ಕೂಡಲೇ ಅದು ಅವರದಾಯಿತು. ಆಗ ಒಳಗಿನ ಪಟ್ಟಿ ತೆರೆದು, ಕೊಟ್ರಮ್ಮನ ಹೆಸರಿಗೆ ಟಿಕ್ ಹಾಕಿ, ‘ಇನ್ನೊಂದ್ ಶಾಲಿ ಬಾಕಿ ಐತಿ, ಅವರು ಇಲ್ಲೇ ಬರ್ತಾರ, ಕೈಯಾಗ ಕೊಟ್ಟು ಹೋಗ್ರಿ’ ಎಂದು ಪೆನ್‌ಡ್ರೈವನ್ನು ನನಗೇ ವಾಪಸು ಕೊಟ್ಟರು.

ವರಾಂಡಕ್ಕೆ ಬಂದೆವು. ಕೊಟ್ರಮ್ಮ ನನ್ನ ಅಂಗೈಯಲ್ಲಿದ್ದ ಅದನ್ನೇ ನೋಡುತ್ತಿದ್ದವಳು ದನಿ ತಗ್ಗಿಸಿ ಕೇಳಿದಳು: ‘ಸರ, ಈಗ ಇದು ತಗದೈತಲ್ಲ, ಮತ್ಯಾರರ ತಿದ್ದಬೋದಲ್ರಿ?’

‘ತಿದ್ದಬಹುದು.’

‘ನನ್ನ ಹೆಸರೂ?’

‘ಮನಸ್ಸು ಮಾಡಿದರೆ ನಿನ್ನ ಹೆಸರೂ.’

‘ಹಂಗಾದ್ರ ಕೀಲಿ ಹಾಕಿಬಿಡ್ರಿ.’

ಎರಡು ದಿನ ಆ ಕೀಲಿಯಿಂದ ಪಾಡುಪಟ್ಟವನು ನಾನು. ಈಗ ನಾನೇ ಅದನ್ನು ಉಗುರಿನಿಂದ ಸರಿಸಿದೆ. ಟಿಕ್ ಎಂದಿತು. ನಿಜ ಹೇಳುತ್ತೇನೆ, ನನಗೂ ಹಾಯೆನಿಸಿತು. ನಮ್ಮದು ಒಳಗೆ ಬಿದ್ದ ಮೇಲೆ ಬಾಗಿಲು ಮುಚ್ಚುವುದು ಎಷ್ಟು ಸಹಜವಾಗಿ ಬರುತ್ತದೆ ಎಂದರೆ, ಅದಕ್ಕೆ ಯಾವ ಹಿಂದಿ ವಿಡಿಯೋವೂ ಬೇಡ.

ಅಷ್ಟರಲ್ಲಿ ಒಬ್ಬ ಮೇಷ್ಟರು ಬೆವರೊರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದರು. ‘ನಲವತ್ತೇಳು ನಿಮ್ಮ ಹತ್ರ ಐತೇನ್ರಿ ಸರ್? ನಮ್ಮದೊಂದು ತಿದ್ದೋದಿತ್ತು.’ ಅವರ ಹಿಂದೆ ಒಬ್ಬ ಹೆಂಗಸು. ಕೈಚೀಲವನ್ನು ಎದೆಗವಚಿಕೊಂಡಿದ್ದಳು, ಬೆರಳ ಸಂದಿಯಲ್ಲಿ ಅರಿಶಿನ ಇನ್ನೂ ಹೋಗಿರಲಿಲ್ಲ. ಕೊಟ್ರಮ್ಮ ಆಕೆಯ ಮುಖ ನೋಡಲಿಲ್ಲ, ಕೈ ನೋಡಿದಳು.

‘ನಿಂದೂ ಬಿಟ್ಟಾಳ ಅಂತ ಬರದಾರೇನವ್ವಾ?’

ಆಕೆ ಹೌದೆಂದು ತಲೆಯಾಡಿಸಿದಳು.

ಕೊಟ್ರಮ್ಮ ನನ್ನ ಕಡೆ ತಿರುಗಿದಳು. ‘ತಗೀರಿ ಸರ ಕೀಲಿ’ ಎಂದಳು.

ತೆಗೆದು ಕೊಟ್ಟೆ. ಆ ಮೇಷ್ಟರು ಒಳಗೆ ಹೋಗಿ ಮೂಲೆಯ ಕಂಪ್ಯೂಟರಿನ ಮುಂದೆ ಕೂತರು. ನಮ್ಮ ಬಸ್ಸು ಹಾರನ್ ಹೊಡೆಯಿತು. ಹೋಗೋಣವೆಂದು ಕರೆದೆ, ಕೊಟ್ರಮ್ಮ ಬರಲಿಲ್ಲ. ಆ ಹೆಂಗಸಿನ ಭುಜದ ಮೇಲೆ ಒಂದು ಕೈಯಿಟ್ಟುಕೊಂಡು ಮೇಷ್ಟರ ಬೆನ್ನ ಹಿಂದೆ ನಿಂತಳು. ಇನ್ನೊಂದು ಕೈಯ ಬೆರಳು ಪರದೆಯ ಮೇಲೆ, ತನ್ನ ಹೆಸರಿನ ಮೇಲಿತ್ತು. ಅವರು ಸೇವ್ ಮಾಡುವವರೆಗೂ ಅದನ್ನು ತೆಗೆಯಲಿಲ್ಲ.